ಸ ಎಲ್ಲಿದೆ, ಸಿ ಎಲ್ಲಿದೆ: ಹಾಡೂ ಕೀಬೋರ್ಡೂ ಒಟ್ಟಿಗೆ ಕಲಿಯುವ ಮಗುವಿಗೆ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮಂಡ್ಯದವರು. ಮಗಳಿಗೆ 11 ವರ್ಷ. ಮೂರು ವರ್ಷದಿಂದ ಮನೆ ಹತ್ತಿರವೇ ಒಬ್ಬ ಟೀಚರ್ ಬಳಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಅಲಂಕಾರ ಮುಗಿದು ಗೀತೆಗಳು ನಡೆಯುತ್ತಿವೆ. ಈ ವರ್ಷದಿಂದ ಭಾನುವಾರ ಮೈಸೂರಿಗೆ ಕೀಬೋರ್ಡ್ ಕ್ಲಾಸಿಗೂ ಹೋಗುತ್ತಾಳೆ. ಕೀಬೋರ್ಡ್ ಸರ್ "ಡೋ ಅಂದ್ರೆ ಸಿ, ನಿಮ್ಮ ಸ ಕೂಡ ಅದೇ" ಅಂದರಂತೆ. ಅಂದಿನಿಂದ ಮನೆಯಲ್ಲಿ ಸಿ ಒತ್ತಿಕೊಂಡು ಗೀತೆ ಹಾಡುತ್ತಾಳೆ. ಮೇಲಿನ ಸ್ವರಕ್ಕೆ ಹೋದರೆ ಗಂಟಲು ಕಟ್ಟುತ್ತದೆ. ಸಂಗೀತದ ಟೀಚರ್ ಅವಳಿಗೆ ಇಟ್ಟಿರುವುದು ಐದರ ಶ್ರುತಿ. "ಈಚೆಗೆ ಶ್ರುತಿ ಬಿಡ್ತಿದ್ದಾಳೆ" ಅಂತ ಅವರಿಗೆ ಬೇಜಾರು. ಕೀಬೋರ್ಡ್ ಕಲಿತರೆ ಗಮಕ (ಸ್ವರವನ್ನು ತೂಗಿಸಿ ಹಾಡುವ ಬಗೆ) ಹಾಳಾಗುತ್ತೆ, ಬಿಡಿಸಿ ಅಂತ ನಮ್ಮ ಮಾವನವರು. ಪಾಶ್ಚಾತ್ಯ ಸಂಗೀತಕ್ಕೆ ಬರೆದಿಟ್ಟ ಥಿಯರಿ ಇದೆ, ಅದೇ ವೈಜ್ಞಾನಿಕ ಅಂತ ನಮ್ಮ ಯಜಮಾನರು. ಎರಡೂ ಕಡೆ ಪರೀಕ್ಷೆ ಬೇರೆ. ಸ್ಕೇಲು, ಮೇಳ, ಟೆಂಪೋ, ಕಾಲ, ಬೀಥೋವನ್, ತ್ಯಾಗರಾಜರು ಎಲ್ಲ ಅವಳ ತಲೆಯಲ್ಲಿ ಕಲಸಿಹೋಗಿದೆ. ಯಾವುದನ್ನು ಬಿಡಿಸಬೇಕು ಹೇಳಿ.

ಉತ್ತರ: ಸದ್ಯಕ್ಕೆ ಯಾವುದನ್ನೂ ಬಿಡಿಸಬೇಡಿ. ನಿಮ್ಮ ಪತ್ರದಲ್ಲಿ ಬೇರೆ ಬೇರೆ ಚಿಂತೆಗಳಿವೆ. ಆದರೆ ಗಂಟಲು ಕಟ್ಟುವುದಕ್ಕೂ ಶ್ರುತಿ ಬಿಡುವುದಕ್ಕೂ ಕಾರಣ ಒಂದೇ. ಅವಳು ಸ ಇಟ್ಟುಕೊಂಡಿರುವ ಜಾಗ ತಪ್ಪಾಗಿದೆ. ಅದನ್ನು ಈ ವಾರವೇ ಸರಿಮಾಡಬಹುದು. ಮಿಕ್ಕಿದ್ದಕ್ಕೆ ಸ್ವಲ್ಪ ಸಮಯ ಬೇಕು.

ಸಿ ಅನ್ನುವುದು ಇಂತಿಷ್ಟೇ ಎತ್ತರ ಅಂತ ಗೊತ್ತುಮಾಡಿದ ಸ್ವರ. ಇವತ್ತು ಜಗತ್ತಿನ ಬಹುಪಾಲು ಕಡೆ ಎ ಅನ್ನುವ ಸ್ವರವನ್ನು 440 ಹರ್ಟ್ಜ್‌ಗೆ ಇಡುತ್ತಾರೆ. ಆ ಲೆಕ್ಕದಲ್ಲಿ ಕೀಬೋರ್ಡಿನ ನಡುವಿನ ಸಿ ಸುಮಾರು 261.6 ಹರ್ಟ್ಜ್. ಮಂಡ್ಯದಲ್ಲಿ ಒತ್ತಿದರೂ ವಿಯೆನ್ನಾದಲ್ಲಿ ಒತ್ತಿದರೂ ಅಷ್ಟೇ. ನಮ್ಮ ಸ ಹಾಗಲ್ಲ. ಹಾಡುವವರ ಕಂಠ ಎಲ್ಲಿ ಸಲೀಸಾಗಿ ನಿಲ್ಲುತ್ತದೋ ಅಲ್ಲಿ ಸ. ಒಮ್ಮೆ ಸ ನಿಂತರೆ ರಿ, ಗ, ಮ ಎಲ್ಲವೂ ಅದರಿಂದ ಇಷ್ಟಿಷ್ಟು ದೂರ ಅಂತ ಕೂತುಕೊಳ್ಳುತ್ತವೆ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡರ ಶ್ರುತಿಯಲ್ಲಿ ಹಾಡುತ್ತಾರೆ. ಹೆಂಗಸರು, ಮಕ್ಕಳು ಐದು, ಐದೂವರೆ, ಆರು. ಈ ಎಣಿಕೆ ಹಾರ್ಮೋನಿಯಂನ ಬಿಳಿ ಕೀಗಳದ್ದು. ಸಿ ಒಂದು, ಡಿ ಎರಡು, ಹಾಗೇ ಎಣಿಸಿದರೆ ಜಿ ಐದು. 'ಒಂದೂವರೆ' ಅಂದರೆ ಒಂದಕ್ಕೂ ಎರಡಕ್ಕೂ ನಡುವಿನ ಕಪ್ಪು ಕೀ. ಹಾಗಾಗಿ ನಿಮ್ಮ ಮಗಳ ಸ ಇರುವುದು ಜಿಯಲ್ಲಿ.

ಈಗ ಗಂಟಲಿನ ವಿಷಯ. ನಡುವಿನ ಸಿಗಿಂತ ಕೆಳಗಿನ ಜಿಯನ್ನು ಸ ಮಾಡಿಕೊಂಡರೆ ಅದು 196 ಹರ್ಟ್ಜ್. ಅಲ್ಲಿಂದ ತಾರಸ್ಥಾಯಿ ಪಂಚಮ (ಮೇಲಿನ ಸ್ಥಾಯಿಯ ಪ) ಸುಮಾರು 587ಕ್ಕೆ ಬರುತ್ತದೆ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಅಭ್ಯಾಸದಿಂದ ಸಿಗುವ ಎತ್ತರ ಅದು. ಅದೇ ಸಿಯನ್ನು ಸ ಅಂದುಕೊಂಡರೆ ತಾರ ಪಂಚಮ 784ಕ್ಕೆ ಹೋಗಿ ಕೂರುತ್ತದೆ. ಗೀತೆಯಲ್ಲಿ ಅಷ್ಟು ಮೇಲೆ ಹೋಗುವುದಿಲ್ಲ, ನಿಜ. ಆದರೆ ತಾರ ಷಡ್ಜವೇ (ಮೇಲಿನ ಸ) 523 ಆಯಿತಲ್ಲ. ಜಿಯಲ್ಲಿ ಹಾಡಿದ್ದರೆ ಅದು 392. ಮಗು ಕಿರುಚಲೇಬೇಕಾಗುತ್ತದೆ. ಒಂದು ಸ್ಥಾಯಿ ಇಳಿಸಿ ಕೆಳಗಿನ ಸಿಗೆ ಹಾಡೋಣ ಅಂದರೆ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ ಸ್ವರಗಳು ಬಾಯಿಗೇ ಬರುವುದಿಲ್ಲ. ವಾರವಿಡೀ ಸಿಗೆ ಎಳೆದಾಡಿದ ಗಂಟಲು ಟೀಚರ್ ಮುಂದೆ ಜಿ ಶ್ರುತಿಗೆ ಕೂರು ಅಂದರೆ ತಡಕಾಡುತ್ತದೆ. ಅವರಿಗೆ ಅದು ಶ್ರುತಿ ಬಿಟ್ಟ ಹಾಗೆ ಕೇಳಿಸುತ್ತದೆ. ಆದ್ದರಿಂದ ಮನೆಯಲ್ಲಿ ಸಿ ಒತ್ತಿ ಹಾಡುವುದನ್ನು ಇವತ್ತೇ ನಿಲ್ಲಿಸಿ. ಶ್ರುತಿ ಪೆಟ್ಟಿಗೆಯನ್ನೋ ಮೊಬೈಲಿನ ತಂಬೂರಿ ಆ್ಯಪನ್ನೋ ಜಿಗೆ ಇಟ್ಟು ಹಾಡಲಿ. ಅದಾದ ಮೇಲೂ ಕೆಲವು ವಾರ ಗಂಟಲು ಒರಟಾಗಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ.

ಕೀಬೋರ್ಡ್ ಸರ್ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಡೋ, ರೆ, ಮಿ ಅನ್ನುವುದು ಪಾಶ್ಚಾತ್ಯರು ಸ್ವರಗಳಿಗೆ ಇಟ್ಟ ಹೆಸರು. ಫ್ರಾನ್ಸ್, ಇಟಲಿ ಕಡೆ ಡೋ ಅಂದರೆ ಸಿಯೇ. ಆದರೆ ಪಾಶ್ಚಾತ್ಯರಲ್ಲೇ ಇನ್ನೊಂದು ಪದ್ಧತಿಯಿದೆ. ಅದರಲ್ಲಿ ಯಾವ ಸ್ವರದಿಂದ ಸ್ಕೇಲ್ ಶುರುವಾದರೂ ಅದೇ ಡೋ. ನಮ್ಮ ಸ ಹೋಲುವುದು ಈ ಎರಡನೆಯದನ್ನು. ಸಾವಿರ ವರ್ಷದ ಹಿಂದೆ ಇಟಲಿಯ ಗುಯಿಡೋ ಅನ್ನುವ ಕ್ರೈಸ್ತ ಸನ್ಯಾಸಿ, ಗಾಯಕರಿಗೆ ಬೇಗ ಕಲಿಸಲೆಂದು ಈ ಹೆಸರುಗಳನ್ನು ಹೊಂದಿಸಿದ. ಅವನ ಡೋ ಕೂಡ (ಆಗ ಅದನ್ನು 'ಉತ್' ಅನ್ನುತ್ತಿದ್ದರು) ಒಂದೇ ಎತ್ತರಕ್ಕೆ ಕಟ್ಟಿಬಿದ್ದಿರಲಿಲ್ಲ.

ಒಂದು ಕೆಲಸ ಮಾಡಿ. ಮಗಳನ್ನು ಕೀಬೋರ್ಡ್ ಮುಂದೆ ಕೂರಿಸಿ, ಜಿಯಿಂದ ಶುರುಮಾಡಿ ಬಿಳಿ ಕೀಗಳನ್ನೇ ಒತ್ತಿಕೊಂಡು ಮೇಲೆ ಹೋಗಲು ಹೇಳಿ. ಜಿ, ಎ, ಬಿ, ಸಿ, ಡಿ, ಇ ತನಕ ಎಲ್ಲ ಸರಿಯಾಗಿ ಕೇಳಿಸುತ್ತದೆ. ಎಫ್ ಬಂದಾಗ ಕಿವಿಗೆ ಏನೋ ಇಳಿದ ಹಾಗೆ ಅನ್ನಿಸುತ್ತದೆ. ಅದು ಕೈಶಿಕಿ ನಿಷಾದ, ಅಂದರೆ ತಗ್ಗಿನ ನಿ. ಎಫ್ ಬಿಟ್ಟು ಪಕ್ಕದ ಕಪ್ಪು ಕೀ, ಎಫ್ ಶಾರ್ಪ್ ಒತ್ತಲಿ. ಕಾಕಲಿ ನಿಷಾದ, ಅಂದರೆ ಎತ್ತರದ ನಿ ಸಿಕ್ಕಿತು. ಅಲ್ಲಿಗೆ ಅವಳ ಶ್ರುತಿಯಲ್ಲಿ ಶಂಕರಾಭರಣ ರಾಗದ ಏಳೂ ಸ್ವರ ಬಂದವು. ಅದನ್ನೇ ಕೀಬೋರ್ಡ್ ಸರ್ 'ಜಿ ಮೇಜರ್' ಅನ್ನುತ್ತಾರೆ. ಗ್ರೇಡ್ ಪರೀಕ್ಷೆಗೆ ಶುರುವಿನಲ್ಲೇ ಕಲಿಸುವ ಸ್ಕೇಲುಗಳಲ್ಲಿ ಅದೂ ಒಂದು! ಮುಂದೆ ಎ ಬದಲು ಎ ಫ್ಲಾಟ್, ಇ ಬದಲು ಇ ಫ್ಲಾಟ್ ಒತ್ತಲಿ. ಅವಳು ಮೂರು ವರ್ಷದಿಂದ ಹಾಡಿಕೊಂಡು ಬಂದ ಮಾಯಾಮಾಳವಗೌಳ ರಾಗ ಬರುತ್ತದೆ. ಪಾಠ ಹೇಳುವಾಗ ನಾನು ನೋಡಿದ್ದೇನೆ, ಇದನ್ನು ತಮ್ಮ ಕೈಯಾರೆ ಕಂಡುಕೊಂಡ ಮಕ್ಕಳಿಗೆ 'ಸ ಎಲ್ಲಿದೆ' ಅನ್ನುವ ಗೊಂದಲ ಮತ್ತೆ ಬರುವುದಿಲ್ಲ.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತದೆ. ಅದನ್ನು ಮೈನಸ್ ಐದಕ್ಕೆ ಇಟ್ಟರೆ ಸಿ ಒತ್ತಿದಾಗ ಜಿ ಕೇಳಿಸುತ್ತದೆ. ಸುಲಭ ಅಂತ ಬಹಳ ಕಡೆ ಹೀಗೇ ಮಾಡಿಸುತ್ತಾರೆ. ಕಲಿಯುವ ಮಗುವಿಗೆ ನಾನು ಇದನ್ನು ಒಪ್ಪುವುದಿಲ್ಲ. ಕಣ್ಣು ಸಿ ಅನ್ನುತ್ತದೆ, ಕಿವಿ ಜಿ ಅನ್ನುತ್ತದೆ. ಮತ್ತೆ ಗೊಂದಲ ಶುರು.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಕೀಬೋರ್ಡ್ ಮುಟ್ಟಿದ್ದಕ್ಕೇ ಗಮಕ ಹಾಳಾಗುವುದಿಲ್ಲ. ಆದರೆ ಅವರ ಭಯ ಸುಳ್ಳಲ್ಲ. ತೋಡಿ ರಾಗ ತೆಗೆದುಕೊಳ್ಳಿ. ಅದರ ಸಾಧಾರಣ ಗಾಂಧಾರವನ್ನು ಬರೆಯುವುದು ಒಂದೇ ಅಕ್ಷರದಲ್ಲಿ, 'ಗ' ಅಂತ. ಹಾಡುವಾಗ ಅದು ಒಂದು ಕಡೆ ನಿಲ್ಲುವುದೇ ಇಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಾ ಇರುತ್ತದೆ. ವೀಣೆಯಲ್ಲಾದರೆ ತಂತಿ ಎಳೆದು ಆ ತೂಗು ತರುತ್ತೇವೆ. ಕೀಬೋರ್ಡಿನಲ್ಲಿ ಗಾಂಧಾರದ ಕೀ ಒತ್ತಿದರೆ ನೆಟ್ಟಗೆ ನಿಂತ ಒಂದು ಸ್ವರ ಬರುತ್ತದೆ. ಸ್ವರಸ್ಥಾನ ಸರಿ, ತೋಡಿ ಮಾತ್ರ ಇಲ್ಲ. ಇದನ್ನೇ ದಿನವೂ ಕೇಳಿ, ಅದರ ಜೊತೆ ಹಾಡಿ ರೂಢಿಯಾದ ಮಗುವಿಗೆ ಮುಂದೆ ಗಮಕ ತರಿಸುವುದು ಕಷ್ಟ. ಒಳ್ಳೆಯ ಧ್ವನಿಯಿರುವ ಮಕ್ಕಳಲ್ಲೂ ಈ ತೊಂದರೆ ಕಂಡಿದ್ದೇನೆ.

ಇನ್ನೊಂದು ಸೂಕ್ಷ್ಮ ಇದೆ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿರುತ್ತಾರೆ. ಎಲ್ಲ ಸ್ಕೇಲುಗಳಿಗೂ ಒಂದೇ ಕೀಬೋರ್ಡ್ ಸಾಕಾಗಲಿ ಅಂತ ಮಾಡಿಕೊಂಡ ಹೊಂದಾಣಿಕೆ ಅದು. ಪಂಚಮದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಂತರ ಗಾಂಧಾರದಲ್ಲಿ (ಎತ್ತರದ ಗ) ಗೊತ್ತಾಗುತ್ತದೆ. ಸ 196 ಆದರೆ ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರ 245ರ ಲೆಕ್ಕಕ್ಕೆ ಕೂರುತ್ತದೆ. ಕೀಬೋರ್ಡಿನ ಬಿ ಸುಮಾರು 247. ತಂಬೂರಿ ಹಾಕಿಕೊಂಡು ಬಿ ಒತ್ತಿ ಹಿಡಿದು ಕೇಳಿ. ಸ್ವಲ್ಪ ಏರಿದ ಹಾಗೆ, ಅದುರಿದ ಹಾಗೆ ಇರುತ್ತದೆ. ಹಾಡುವವರ ಗಾಂಧಾರ ತಂಬೂರಿಗೆ ಸೇರಬೇಕು, ಕೀಬೋರ್ಡಿಗಲ್ಲ. ಅದಕ್ಕೇ ಹೇಳುವುದು, ಹಾಡುವಾಗ ತಂಬೂರಿ ಮಾತ್ರ ಇರಲಿ. ಕೀಬೋರ್ಡ್ ನುಡಿಸುತ್ತಾ ಹಾಡುವುದು ಬೇಡ.

ಸದ್ಯ ಅವಳು ಹಾಡುತ್ತಿರುವ ಮಲಹರಿ ಗೀತೆಗಳಲ್ಲಿ ಗಮಕ ಕಡಿಮೆ. ಹಾಗಾಗಿ ಈಗ ಅಪಾಯವೂ ಕಡಿಮೆ. ಗಮಕ ಹೆಚ್ಚಿರುವ ವರ್ಣಗಳ ಪಾಠ ಶುರುವಾದಾಗ ಎಚ್ಚರ ಬೇಕು. ವರ್ಣಗಳನ್ನು ಕೀಬೋರ್ಡಿನಲ್ಲಿ ನುಡಿಸಿ ನೆಂಟರಿಗೆ ತೋರಿಸುವುದು ಬೇಡ ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ನಿಮ್ಮ ಯಜಮಾನರಿಗೆ ಒಂದು ಮಾತು. ಬರೆದಿಟ್ಟ ಶಾಸ್ತ್ರ ನಮ್ಮಲ್ಲೂ ಇದೆ. 72 ಮೇಳಗಳ (ಏಳು ಸ್ವರಗಳ ಮೂಲ ಜೋಡಣೆಗಳ) ಲೆಕ್ಕವನ್ನು ವೆಂಕಟಮಖಿ 17ನೇ ಶತಮಾನದಲ್ಲೇ ಹಾಕಿಟ್ಟಿದ್ದಾರೆ. ಸ, ಪ ಕದಲುವುದಿಲ್ಲ. ರಿ-ಗ ಜೋಡಿಗೆ ಆರು ದಾರಿ, ದ-ನಿ ಜೋಡಿಗೆ ಆರು ದಾರಿ, ಗುಣಿಸಿದರೆ 36. ಮ ಎರಡು ಬಗೆ: ಶುದ್ಧ ಮಧ್ಯಮಕ್ಕೆ 36, ಪ್ರತಿ ಮಧ್ಯಮಕ್ಕೆ 36. ಇಷ್ಟು ಅಚ್ಚುಕಟ್ಟಾದ ಪಟ್ಟಿ ಎಲ್ಲಿ ಸಿಗುತ್ತದೆ ಹೇಳಿ! ಸುಬ್ಬರಾಮ ದೀಕ್ಷಿತರು 1904ರಲ್ಲಿ ಗಮಕಗಳಿಗೂ ಗುರುತುಗಳನ್ನು ಹಾಕಿ ನೂರಾರು ಕೃತಿಗಳನ್ನು ಅಚ್ಚು ಹಾಕಿಸಿದರು. ಪಾಶ್ಚಾತ್ಯರು ಬೆಳೆಸಿದ್ದು ಬೇರೆ ದಾರಿ. ಅವರು ಮುಖ್ಯವಾಗಿ ಮೇಜರ್, ಮೈನರ್ ಅನ್ನುವ ಎರಡು ಬಗೆಯ ಸ್ಕೇಲ್ ಇಟ್ಟುಕೊಂಡು, ಶುರುವಿನ ಸ್ವರವನ್ನು ಹನ್ನೆರಡೂ ಕಡೆ ಸರಿಸಿದರು. ಬಾಖ್ 1722ರಲ್ಲಿ ಈ 24 ಸ್ಕೇಲುಗಳಿಗೂ ಒಂದೊಂದು ಜೋಡಿ ರಚನೆ ಮಾಡಿ ತೋರಿಸಿದ. ಜೊತೆಗೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ನುಡಿಸುವ ಹಾರ್ಮನಿ ಅವರ ದೊಡ್ಡ ಸಾಧನೆ. ಒಂದು ವೈಜ್ಞಾನಿಕ, ಇನ್ನೊಂದು ಅಲ್ಲ ಅನ್ನುವುದಕ್ಕೆ ಆಧಾರ ಇಲ್ಲ. ಐದು ಗೆರೆಗಳ ಮೇಲೆ ಬರೆಯುವ ಅವರ ಸ್ಟಾಫ್ ನೊಟೇಷನ್ ನೋಡಿ ನುಡಿಸುವುದಕ್ಕೆ ಬಹಳ ಅನುಕೂಲ. ಅಷ್ಟು ಒಪ್ಪುತ್ತೇನೆ.

ಇನ್ನು ಕಲಸಿಹೋದ ಪದಗಳು. ಎಲ್ಲವನ್ನೂ ಇಲ್ಲಿ ಬಿಡಿಸಲಾರೆ. ಮಕ್ಕಳು ಜಾಸ್ತಿ ಎಡವುವುದು ಎರಡು ಕಡೆ.

ಮೊದಲನೆಯದು ಕಾಲ ಮತ್ತು ಟೆಂಪೋ. ಎರಡೂ ವೇಗ ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ಮಗು ಒಂದೇ ಅಂದುಕೊಳ್ಳುತ್ತದೆ. ಸರಳೆ ವರಸೆ ಹಾಡುವಾಗ ಅವಳ ಕೈ ನೋಡಿ. ಮೊದಲ ಕಾಲಕ್ಕೂ ಎರಡನೇ ಕಾಲಕ್ಕೂ ತಾಳ ಹಾಕುವ ವೇಗ ಬದಲಾಗುವುದಿಲ್ಲ. ತಾಳದ ಒಂದು ಅಕ್ಷರಕ್ಕೆ (ಒಂದು ಎಣಿಕೆಗೆ) ಒಂದು ಸ್ವರ ಇದ್ದದ್ದು ಎರಡಾಗುತ್ತದೆ, ಮೂರನೇ ಕಾಲಕ್ಕೆ ನಾಲ್ಕಾಗುತ್ತದೆ. ಕೀಬೋರ್ಡ್ ಕ್ಲಾಸಿನಲ್ಲಿ ಇದಕ್ಕೆ ಸಾಟಿ ಟೆಂಪೋ ಅಲ್ಲ. ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಕ್ಕೆ ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್ ಅಂತ ಕಲಿಸುತ್ತಾರಲ್ಲ, ಅದು. ಅಲ್ಲೂ ಒಂದು, ಎರಡು, ನಾಲ್ಕು. ಟೆಂಪೋ ಅಂದರೆ ತಾಳ ಹಾಕುವ ಕೈಯೇ ನಿಧಾನವೋ ಜೋರೋ ಅನ್ನುವುದು. ಅಡಾಜಿಯೋ (ನಿಧಾನ), ಅಲೆಗ್ರೋ (ಚುರುಕು) ಅನ್ನುವ ಇಟಾಲಿಯನ್ ಪದಗಳು ಅದಕ್ಕೇ. 1815ರಲ್ಲಿ ಮೆಲ್ಜೆಲ್ ಅನ್ನುವವನು ವೇಗ ತೋರಿಸುವ ಯಂತ್ರ ಮೆಟ್ರೊನೋಮಿಗೆ ಪೇಟೆಂಟ್ ತೆಗೆದುಕೊಂಡ ಮೇಲೆ ಬೀಥೋವನ್ ತನ್ನ ಸಿಂಫನಿಗಳಿಗೆ ನಿಮಿಷಕ್ಕೆ ಇಂತಿಷ್ಟು ಅಂತ ಅಂಕಿಯನ್ನೇ ಕೊಟ್ಟ.

ಎರಡನೆಯದು ಸ್ಕೇಲ್ ಮತ್ತು ರಾಗ. ಸ್ಕೇಲನ್ನು ಮೇಳದ ಪಕ್ಕ ಇಡಬಹುದು, ರಾಗದ ಪಕ್ಕ ಅಲ್ಲ. ಆರಭಿ, ದೇವಗಾಂಧಾರಿ ಎರಡೂ ರಾಗಗಳಿಗೆ ಆರೋಹಣ ಅವರೋಹಣ ಒಂದೇ. ಕೀಬೋರ್ಡಿನಲ್ಲಿ ಏರಿಳಿಸಿದರೆ ಯಾವುದು ಯಾವುದೆಂದು ಹೇಳಲಾಗದು. ಹಾಡಿದರೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಆರಭಿ ಚುರುಕಾಗಿ ಜಿಗಿಯುತ್ತದೆ, ದೇವಗಾಂಧಾರಿ ನಿಧಾನವಾಗಿ ತೂಗುತ್ತದೆ. ಇದನ್ನು ಅವಳ ಟೀಚರ್ ಬಾಯಲ್ಲೇ ಕೇಳಿಸಿ. ನೂರು ವಾಕ್ಯದ ವಿವರಣೆ ಬೇಕಾಗುವುದಿಲ್ಲ.

ಸಂಗೀತಗಾರರ ಹೆಸರುಗಳ ವಿಷಯದಲ್ಲಿ, ಅವಳಿಗೆ ಇಸವಿಗಳ ಎರಡು ಪಟ್ಟಿ ಕೊಟ್ಟು ಉರುಹೊಡೆಸುತ್ತಿದ್ದಾರೆ ಅಂತ ಊಹಿಸುತ್ತೇನೆ. ಒಂದೇ ಪಟ್ಟಿ ಮಾಡಿಕೊಡಿ. ತ್ಯಾಗರಾಜರು 1767ರಿಂದ 1847. ಬೀಥೋವನ್ 1770ರಿಂದ 1827. ಇಬ್ಬರೂ ಒಂದೇ ಕಾಲದವರು. ಬೀಥೋವನ್ ತೀರಿಕೊಂಡ ವರ್ಷವೇ ಶ್ಯಾಮಾಶಾಸ್ತ್ರಿಗಳೂ ತೀರಿಕೊಂಡದ್ದು. ಮೊಜಾರ್ಟ್ 1756ರಲ್ಲಿ ಹುಟ್ಟಿ 1791ರಲ್ಲೇ ಹೋಗಿಬಿಟ್ಟ. ಬಾಖ್ ಇವರೆಲ್ಲರಿಗಿಂತ ಹಿರಿಯ, 1685ರಿಂದ 1750. ನಮ್ಮ ಪುರಂದರದಾಸರು ಬಾಖ್‌ಗಿಂತಲೂ ನೂರು ವರ್ಷಕ್ಕೂ ಮೊದಲಿನವರು. ಹೀಗೆ ಪಕ್ಕ ಪಕ್ಕ ಇಟ್ಟರೆ ನೆನಪಿರುತ್ತದೆ.

ಪರೀಕ್ಷೆಯಲ್ಲಿ 'ಕ್ಲಾಸಿಕಲ್' ಅಂತ ಕೇಳಿದರೆ ಪಾಶ್ಚಾತ್ಯರ ಲೆಕ್ಕದಲ್ಲಿ ಅದು ಸುಮಾರು 1750ರಿಂದ 1820ರವರೆಗಿನ ಕಾಲ. ಹೈಡನ್, ಮೊಜಾರ್ಟ್ ಅಲ್ಲಿಗೆ ಸೇರುತ್ತಾರೆ. ಬಾಖ್ ಸೇರುವುದಿಲ್ಲ, ಅವನು ಬರೋಕ್ ಕಾಲದವನು. ಕೀಬೋರ್ಡ್ ಕಲಿಯುವ ಮಕ್ಕಳೆಲ್ಲ ಮೊದಲು ನುಡಿಸುವ 'ಟ್ವಿಂಕಲ್ ಟ್ವಿಂಕಲ್' ಮಟ್ಟು ಮೊಜಾರ್ಟ್‌ದು ಅಂತ ಬಹಳ ಜನ ಹೇಳುತ್ತಾರೆ. ಅಲ್ಲ. ಅದು ಫ್ರಾನ್ಸಿನ ಹಳೆಯ ಮಟ್ಟು. ಮೊಜಾರ್ಟ್ ಅದನ್ನು ಹನ್ನೆರಡು ಬಗೆಯಾಗಿ ಬೆಳೆಸಿದ. ಬೀಥೋವನ್ ಹುಟ್ಟುತ್ತಲೇ ಕಿವುಡ ಅನ್ನುವುದೂ ತಪ್ಪು. ಇಪ್ಪತ್ತರ ಕೊನೆಯ ವಯಸ್ಸಿನಲ್ಲಿ ಕಿವಿ ಮಂದವಾಗಲು ಶುರುವಾಯಿತು. 1824ರಲ್ಲಿ ಒಂಬತ್ತನೇ ಸಿಂಫನಿ ನುಡಿಸುವ ಹೊತ್ತಿಗೆ ಪೂರ್ತಿ ಹೋಗಿತ್ತು ಅನ್ನಬೇಕು.

ನಮ್ಮ ವಾಗ್ಗೇಯಕಾರರನ್ನು ಗುರುತಿಸಲು ಅಂಕಿತ ಹುಡುಕುವ ಅಭ್ಯಾಸ ಮಾಡಿಸಿ. ಮಾತು (ಸಾಹಿತ್ಯ), ಧಾತು (ಸಂಗೀತ) ಎರಡೂ ಅವರದೇ ಆದ್ದರಿಂದ ಸಾಹಿತ್ಯದೊಳಗೇ ತಮ್ಮ ಗುರುತು ಇಟ್ಟಿರುತ್ತಾರೆ. ಮುತ್ತುಸ್ವಾಮಿ ದೀಕ್ಷಿತರದು ಗುರುಗುಹ, ಶ್ಯಾಮಾಶಾಸ್ತ್ರಿಗಳದು ಶ್ಯಾಮಕೃಷ್ಣ, ಮೈಸೂರು ವಾಸುದೇವಾಚಾರ್ಯರದು ವಾಸುದೇವ. ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಮಾಡಿದ ಮುತ್ತಯ್ಯ ಭಾಗವತರದು ಹರಿಕೇಶ. ಕಚೇರಿಗೆ ಕರೆದುಕೊಂಡು ಹೋಗಿ. ಮೈಸೂರಿನಲ್ಲಿ ದಸರಾ ಸಮಯದಲ್ಲಿ ಅರಮನೆಯ ಮುಂದೆ, ಗಣೇಶೋತ್ಸವದಲ್ಲಿ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನಲ್ಲಿ ಒಳ್ಳೊಳ್ಳೆಯ ಕಚೇರಿ ನಡೆಯುತ್ತವೆ. ಚರಣ ಹಾಡುವಾಗ ಅಂಕಿತ ಕಿವಿಗೆ ಬೀಳುತ್ತದಾ ಅಂತ ಕಾಯಲಿ. ಇಸವಿ ಆಮೇಲೆ ಕಲಿತರಾಯಿತು.

ಎರಡೂ ಒಂದೇ ತಲೆಯಲ್ಲಿ ಹಿಡಿಸುತ್ತದಾ ಅನ್ನುವ ಅನುಮಾನಕ್ಕೆ ಮೈಸೂರಿನಲ್ಲೇ ಉತ್ತರ ಇದೆ. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದವರು. ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಪಿಯಾನೊ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದೂ ಅವರ ನೆರವಿನಿಂದ. ಅದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಗಂಭೀರನಾಟದ 'ಶ್ರೀ ಜಾಲಂಧರ' ಕೇಳಿ ನೋಡಿ. ಪಿಯಾನೊದ ನೆರಳೂ ಅಲ್ಲಿಲ್ಲ. ಎರಡನ್ನೂ ಅದರದರ ಜಾಗದಲ್ಲಿ ಇಟ್ಟುಕೊಂಡವರು ಅವರು.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಸಲಹೆ ಎರಡನ್ನೂ ಮುಂದುವರಿಸಿ ಅಂತ. ಶ್ರುತಿ ಜಿ, ಹಾಡುವಾಗ ತಂಬೂರಿ, ಕೀಬೋರ್ಡಿನಲ್ಲಿ ಪಾಶ್ಚಾತ್ಯ ರಚನೆಗಳು. ಇದರಲ್ಲಿರುವ ತೊಂದರೆ ಸಮಯದ್ದು. ಪ್ರತಿ ಭಾನುವಾರ ಮೈಸೂರಿಗೆ ಹೋಗಿಬರುವುದು, ಶಾಲೆ, ಎರಡು ಸಾಧನೆ. ಬೆಳಗಿನ ಸಾಧನೆ ತಪ್ಪತೊಡಗಿದರೆ ಕೀಬೋರ್ಡನ್ನು ಒಂದು ವರ್ಷ ನಿಲ್ಲಿಸಿ, ನಾಲ್ಕಾರು ವರ್ಣ ಗಟ್ಟಿಯಾದ ಮೇಲೆ ಮತ್ತೆ ಸೇರಿಸಿ. ಬೆರಳಿನ ಓಟ ಸ್ವಲ್ಪ ಮರೆತುಹೋಗುತ್ತದೆ, ಬೇಗ ವಾಪಸ್ ಬರುತ್ತದೆ. ವಾದ್ಯ ಬೇಕೇಬೇಕು, ಅದರಲ್ಲಿ ರಾಗವನ್ನೇ ನುಡಿಸಬೇಕು ಅನ್ನುವುದಾದರೆ ವೀಣೆಯೋ ಪಿಟೀಲೋ ಒಳ್ಳೆಯದು. ಆದರೆ ಖರ್ಚು ಜಾಸ್ತಿ, ಮೊದಲ ವರ್ಷ ಕೇಳಲು ಇಂಪಾಗಿರುವುದಿಲ್ಲ, ಮಗು ಬೇಸರ ಪಡಬಹುದು. ಹಾಡುವುದನ್ನು ಬಿಡಿಸಿ ಕೀಬೋರ್ಡ್ ಮಾತ್ರ ಇಡುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷ ಶ್ರುತಿಗೆ ಪಳಗಿದ ಕಿವಿ ಅವಳದು, ಅದನ್ನು ಸುಮ್ನೆ ಕೈಬಿಡಬಾರದು.

ಒಂದು ಹಾಡು ಮಾತ್ರ ಎರಡೂ ಕಡೆ ಕಲಿಯಲಿ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇಂಗ್ಲಿಷ್ ಬ್ಯಾಂಡ್ ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ ಸುಮಾರು 40 ನೊಟ್ಟುಸ್ವರಗಳಿವೆ. ಎಲ್ಲ ಶಂಕರಾಭರಣದ ಸ್ವರಗಳಲ್ಲೇ ಇವೆ, ಗಮಕ ಬೇಕಿಲ್ಲ. 'ಸಂತತಂ ಪಾಹಿ ಮಾಂ' ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು. ಟೀಚರ್ ಬಳಿ ಹಾಡಲು ಕಲಿಯಲಿ, ಜಿ ಮೇಜರಿನಲ್ಲಿ ಕೀಬೋರ್ಡ್ ಸರ್ ಬಳಿ ನುಡಿಸಲಿ. ಹಾಡನ್ನೂ ಕೀಬೋರ್ಡನ್ನೂ ಸೇರಿಸಬೇಡಿ ಅಂದ ಮಾತಿಗೆ ಇದೊಂದೇ ವಿನಾಯಿತಿ.

ಪರೀಕ್ಷೆಗಳನ್ನು ಒಂದೇ ವರ್ಷ ಕಟ್ಟಬೇಡಿ. ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಯಲ್ಲಿ ಹಾಡುವುದರ ಜೊತೆ ಶಾಸ್ತ್ರದ ಪತ್ರಿಕೆಯೂ ಇದೆ, ಅದಕ್ಕೆ ಬಿಡುವು ಬೇಕು. ಈ ವರ್ಷ ಕೀಬೋರ್ಡಿನ ಮೊದಲ ಗ್ರೇಡ್ ಮುಗಿಸಿ, ಜೂನಿಯರ್ ಯಾವಾಗ ಅನ್ನುವುದನ್ನು ಸಂಗೀತದ ಟೀಚರ್ ತೀರ್ಮಾನಕ್ಕೆ ಬಿಡಿ. ಅದಕ್ಕೂ ಮೊದಲು ಇಬ್ಬರು ಗುರುಗಳನ್ನೂ ಫೋನಿನಲ್ಲಿ ಮಾತಾಡಿಸಿ. "ಮಗುವಿನ ಸ ಜಿಯಲ್ಲಿದೆ, ಹಾಡಿಸುವುದಿದ್ದರೆ ಅದೇ ಶ್ರುತಿಗೆ ಹಾಡಿಸಿ" ಅಂತ ಟೀಚರ್ ಹೇಳಿದರೆ ಕೀಬೋರ್ಡ್ ಸರ್‌ಗೆ ಅರ್ಥವಾಗುತ್ತದೆ.